ಅಕ್ಕ ಬರೆದ ಕಥೆ, ತಂಗಿಯ ಮುಖ

ರೇನಾಳ ಕಿವಿಯಲ್ಲಿ ಹೆಡ್‌ಫೋನ್, ಜೊತೆಗೊಂದು ವಾಕ್‌ಮನ್. ಸ್ಯಾನ್‌ಫ್ರಾನ್ಸಿಸ್ಕೋದಿಂದ ಕೊಲರಾಡೋ ಕಡೆಗೆ ಹೊರಟ ವ್ಯಾನನ್ನು ಅಮ್ಮ ಓಡಿಸುತ್ತಿದ್ದಾಳೆ. ತಂಗಿ ಅಮಾರಾ ಮಾತಿಗೆ ಮುಂಚೆ ಸಿಡುಕುತ್ತಾಳೆ, ಪುಟ್ಟ ತಮ್ಮ ವಿಲ್ ತನ್ನ ಪಾಡಿಗೆ ತಾನಿದ್ದಾನೆ. ನೆಂಟರಿಷ್ಟರೆಲ್ಲ ಒಂದು ಕಡೆ ಸೇರುತ್ತಿದ್ದಾರೆ, ಅಲ್ಲಿಗೆ ಇವರ ಪಯಣ. ಅಪ್ಪ ಜೊತೆಯಲ್ಲಿಲ್ಲ, ಆಮೇಲೆ ವಿಮಾನದಲ್ಲಿ ಬಂದು ಸೇರಿಕೊಳ್ಳುತ್ತಾನಂತೆ. ಹದಿಹರೆಯಕ್ಕೆ ಕಾಲಿಟ್ಟಿರುವ ರೇನಾಗೆ ಈ ಗದ್ದಲ ಯಾವುದೂ ಬೇಡ. ಹಾಡು ಹಾಕಿಕೊಂಡು ತನ್ನೊಳಗೆ ತಾನು ಮುಳುಗಿಬಿಟ್ಟರೆ ಸಾಕು.

‘ಸಿಸ್ಟರ್ಸ್’ ಎಂಬ ಈ ಚಿತ್ರಕಾದಂಬರಿಯನ್ನು ಇಷ್ಟು ವರ್ಷಗಳಾದ ಮೇಲೆ ಮತ್ತೆ ಓದಲು ಕೂತಾಗ ನನ್ನ ಕಣ್ಣು ಹೋಗಿ ನಿಂತಿದ್ದು ಆ ಹೆಡ್‌ಫೋನಿನ ಮೇಲೆ. ಚಿಕ್ಕಂದಿನಲ್ಲಿ ಓದಿದಾಗ ಅದು ಕಥೆಯೊಳಗಿನ ಒಂದು ಸಾಮಾನು, ಅಷ್ಟೇ. ಈಗ ನೋಡಿದರೆ ಇಡೀ ಪುಸ್ತಕ ಅದರ ಮೇಲೆಯೇ ನಿಂತಿದೆ. ಕಥೆ ಹೇಳುತ್ತಿರುವ ಹುಡುಗಿಗೆ ತನ್ನ ಮನೆಯ ಕಥೆ ಕಿವಿಗೆ ಬೀಳುತ್ತಿಲ್ಲ. ಅವಳ ಕಿವಿಗೆ ಬೀಳದ್ದು ನಮ್ಮ ಕಣ್ಣಿಗೆ ಬೀಳುತ್ತಿದೆ, ಏಕೆಂದರೆ ಬರೆದವರು ಅದನ್ನು ಚಿತ್ರದಲ್ಲಿ ಇಟ್ಟುಬಿಟ್ಟಿದ್ದಾರೆ.

2014ರಲ್ಲಿ ಸ್ಕೊಲಾಸ್ಟಿಕ್ ಸಂಸ್ಥೆಯ ‘ಗ್ರಾಫಿಕ್ಸ್’ ವಿಭಾಗ ಹೊರತಂದ ಪುಸ್ತಕ ಇದು. ಸುಮಾರು 200 ಪುಟ. ಬರೆದು ಚಿತ್ರಿಸಿದವರು ರೇನಾ ಟೆಲ್ಗೆಮೈಯರ್, ಬಣ್ಣ ತುಂಬಿದವರು ಬ್ರೇಡನ್ ಲ್ಯಾಂಬ್. ರೇನಾ ಎಂದರೆ ಲೇಖಕಿಯೇ; ಅಮಾರಾ ಅವರ ಒಡಹುಟ್ಟಿದ ತಂಗಿ. ಕಥೆಯಲ್ಲಿ ದೊಡ್ಡ ಘಟನೆಗಳೇನೂ ಇಲ್ಲ. ತಂಗಿ ಬೇಕು ಎಂದು ಹಟ ಹಿಡಿದಿದ್ದ ಹುಡುಗಿಗೆ ತಂಗಿ ಹುಟ್ಟುತ್ತಾಳೆ; ಹುಟ್ಟಿದ ತಂಗಿ ಅವಳು ಅಂದುಕೊಂಡ ಹಾಗಿರುವುದಿಲ್ಲ. ಅಳುಬುರುಕಿ, ಮುಂಗೋಪಿ, ಆಟಕ್ಕೆ ಕರೆದರೆ ಬಾರದೆ ಒಬ್ಬಳೇ ಕೂತು ಆಡಿಕೊಳ್ಳುವವಳು. ಇಬ್ಬರೂ ಬೆಳೆಯುತ್ತಾರೆ, ಜಗಳವೂ ಅವರೊಂದಿಗೆ ಬೆಳೆಯುತ್ತದೆ. ಒಂದು ಬೇಸಿಗೆಯಲ್ಲಿ ಸರಿಸುಮಾರು 2000 ಕಿಲೋಮೀಟರ್ ದೂರ ಒಂದೇ ವ್ಯಾನಿನಲ್ಲಿ ಕೂತು ಹೋಗಬೇಕಾಗುತ್ತದೆ. ಇಷ್ಟನ್ನು ಹೇಳಿದ್ದಕ್ಕೆ ಟೆಲ್ಗೆಮೈಯರ್ ಅವರಿಗೆ 2015ರಲ್ಲಿ ಅತ್ಯುತ್ತಮ ಲೇಖಕ–ಚಿತ್ರಕಾರ ವಿಭಾಗದ ಐಸ್ನರ್ ಪ್ರಶಸ್ತಿ ಬಂತು. ಕಾಮಿಕ್ಸ್ ಲೋಕದಲ್ಲಿ ಇದಕ್ಕಿಂತ ದೊಡ್ಡ ಗೌರವ ಅಮೆರಿಕದಲ್ಲಿ ಹೆಚ್ಚಿಲ್ಲ.

ಮೈಸೂರಿನ ನಮ್ಮ ಮನೆಗೆ ಇದು ಬಂದದ್ದು ಶಾಲೆಯ ಪುಸ್ತಕ ಮೇಳದಿಂದ. ಅಜ್ಜಿ ಹಬ್ಬಕ್ಕೆ ಕೊಟ್ಟ ದುಡ್ಡು ಕೂಡಿಟ್ಟು ಅಕ್ಕ ಕೊಂಡದ್ದು. ಆಗ ಅವಳು ಹೈಸ್ಕೂಲು, ನಾನು ಇನ್ನೂ ಪ್ರೈಮರಿ. ಪಠ್ಯಪುಸ್ತಕಕ್ಕೆ ಹಾಕುವ ಹಾಗೆ ಕಂದು ಕಾಗದದ ಬೈಂಡ್ ಹಾಕಿ, ಲೇಬಲ್ ಅಂಟಿಸಿ, ಅದರ ಮೇಲೆ ತನ್ನ ಹೆಸರು ಮಾತ್ರ ಬರೆದಿದ್ದಳು. ನಾನು ಓದುತ್ತಿದ್ದದ್ದು ಅವಳು ಟ್ಯೂಷನ್‌ಗೆ ಹೋದ ಹೊತ್ತಿನಲ್ಲಿ. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಮುಖಗಳಿಂದ ಓದಿಕೊಳ್ಳುತ್ತಿದ್ದೆ. ಅಕ್ಕ ಮಾತುಗಳನ್ನು ಓದಿದಳು, ನಾನು ಮುಖಗಳನ್ನು ಓದಿದೆ. ಹಾಗಾಗಿ ಒಂದೇ ಪ್ರತಿಯಲ್ಲಿ ಅವಳಿಗೆ ರೇನಾ ಸಿಕ್ಕಳು, ನನಗೆ ಅಮಾರಾ.

ಅದರಲ್ಲಿ ಆಶ್ಚರ್ಯವೇನೂ ಇಲ್ಲ ಎಂದು ಈಗ ಅನ್ನಿಸುತ್ತದೆ. ಟೆಲ್ಗೆಮೈಯರ್ ಅವರ ಚಿತ್ರ ಮುಖದಲ್ಲೇ ಮಾತಾಡುತ್ತದೆ. ಕುಂಚದಿಂದ ಎಳೆದ ಹಾಗೆ ಒಂದೆಡೆ ದಪ್ಪ, ಇನ್ನೊಂದೆಡೆ ತೆಳುವಾಗುವ ಗೆರೆ. ಹಿನ್ನೆಲೆಯಲ್ಲಿ ಅಗತ್ಯವಿದ್ದಷ್ಟೇ ವಿವರ. ಮುಖದಲ್ಲಿ ಹುಬ್ಬು ಮತ್ತು ಬಾಯಿಗೆ ಮಾತ್ರ ಪೂರ್ತಿ ಸ್ವಾತಂತ್ರ್ಯ. ಕಿರುಚಿದರೆ ಬಾಯಿ ಅರ್ಧ ಮುಖ ನುಂಗುತ್ತದೆ, ಅಕ್ಷರಗಳು ಮಾತಿನ ಬಲೂನನ್ನು ಒಡೆದುಕೊಂಡು ಬರುವಷ್ಟು ದೊಡ್ಡದಾಗುತ್ತವೆ. ಮನಸ್ಸು ಮುರಿದರೆ ಬಲೂನೇ ಇರುವುದಿಲ್ಲ, ಬರೀ ಹುಬ್ಬಿನ ಕೋನ ಬದಲಾಗಿರುತ್ತದೆ. ಭಾಷೆ ಪೂರ್ತಿ ಬಾರದ ಮಗುವೂ ಈ ಪುಸ್ತಕವನ್ನು ಓದಬಲ್ಲದು. ಹಾಗೆ ಓದಿದ ಮಗುವಿನ ಕಣ್ಣು ಹೆಚ್ಚು ಮಾತಾಡುವವಳ ಮೇಲೆ ನಿಲ್ಲುವುದಿಲ್ಲ. ಚೌಕಟ್ಟಿನ ಅಂಚಿನಲ್ಲಿ ಸುಮ್ಮನೆ ಕೂತವಳ ಮೇಲೆ ನಿಲ್ಲುತ್ತದೆ.

ಅಂಚಿನಲ್ಲಿ ಕೂತ ಅಮಾರಾ ಏನು ಮಾಡುತ್ತಿದ್ದಾಳೆ? ನೋಡುತ್ತಿದ್ದಾಳೆ. ಕೇಳಿಸಿಕೊಳ್ಳುತ್ತಿದ್ದಾಳೆ. ರೇನಾಳ ದೃಷ್ಟಿಯಲ್ಲಿ ಅವಳೊಂದು ಪೀಡೆ, ಅಕ್ಕನ ವಸ್ತು ಮುಟ್ಟುವವಳು, ಅಕ್ಕನಿಗೆ ಸವಾಲು ಹಾಕುವವಳು. ಇಬ್ಬರಿಗೂ ಚಿತ್ರ ಬರೆಯುವ ಹುಚ್ಚು ಬೇರೆ. ತಾನೊಬ್ಬಳೇ ಕಲಾವಿದೆ ಎಂದುಕೊಂಡಿದ್ದವಳ ಪಕ್ಕದಲ್ಲೇ ಇನ್ನೊಂದು ಪುಟ್ಟ ಕೈ ಕಾಗದದ ಮೇಲೆ ಓಡತೊಡಗಿದರೆ ಅಕ್ಕನಿಗೆ ಹೇಗಾಗಬೇಡ! ಒಡಹುಟ್ಟಿದವರ ಮತ್ಸರದ ಬಗ್ಗೆ ಮಕ್ಕಳ ಪುಸ್ತಕಗಳು ಸಾಮಾನ್ಯವಾಗಿ ಆಟಿಕೆ, ಅಮ್ಮನ ಮಡಿಲು, ದೊಡ್ಡ ಹೋಳು ಕೇಕಿನ ಸುತ್ತವೇ ಸುತ್ತುತ್ತವೆ. ಇಲ್ಲಿ ಅದಕ್ಕಿಂತ ಆಳದ ಒಂದು ಜಾಗವನ್ನು ಮುಟ್ಟಿದ್ದಾರೆ. ‘ನಾನು ಯಾರು’ ಎಂಬುದಕ್ಕೆ ಒಂದು ಮಗು ಕಂಡುಕೊಂಡ ಉತ್ತರವನ್ನೇ ಇನ್ನೊಂದು ಮಗು ಬಂದು ಹಂಚಿಕೊಳ್ಳುತ್ತದೆ. ಈ ನೋವಿಗೆ ದೊಡ್ಡವರ ಬಳಿ ಸಮಾಧಾನದ ಮಾತಿಲ್ಲ. ‘ಇಬ್ಬರೂ ಚೆನ್ನಾಗಿ ಬರೀತೀರ’ ಎನ್ನುತ್ತಾರೆ. ಅದನ್ನು ಕೇಳಿ ಯಾವ ಮಗುವಿಗೂ ಸಮಾಧಾನವಾಗಿದ್ದನ್ನು ನಾನು ನೋಡಿಲ್ಲ.

ಪುಸ್ತಕದಲ್ಲಿ ಎರಡು ಕಾಲಗಳಿವೆ. ವ್ಯಾನಿನ ಪಯಣ ಪೂರ್ತಿ ಬಣ್ಣದಲ್ಲಿದೆ. ನಡುನಡುವೆ ಬರುವ ಹಳೆಯ ನೆನಪುಗಳ ಪುಟಗಳು ಹಳದಿಗೆ ತಿರುಗಿದ ಕಾಗದದ ಮೇಲಿವೆ. ತಂಗಿ ಹುಟ್ಟಿದ್ದು, ಸಣ್ಣ ಮನೆಯಲ್ಲಿ ಮಕ್ಕಳೆಲ್ಲ ಒತ್ತೊತ್ತಾಗಿ ಮಲಗಿದ್ದು, ಸಾಕಿದ ಪ್ರಾಣಿಗಳು ಸತ್ತದ್ದು, ತಮ್ಮ ಬಂದದ್ದು, ಅಮಾರಾಗೆ ಹಾವು ಸಾಕುವ ಆಸೆ ಹುಟ್ಟಿದ್ದು, ಅದು ಕಳೆದುಹೋದದ್ದು ಎಲ್ಲವೂ ಹಳದಿ. ಚಿಕ್ಕಂದಿನಲ್ಲಿ ಈ ಹಳದಿ ನನಗೆ ‘ಹಿಂದೆ ನಡೆದದ್ದು’ ಎಂಬ ಗುರುತು ಮಾತ್ರ. ಈ ಸಲ ಬೇರೆಯೇ ಕಂಡಿತು. ಹಳದಿ ಪುಟಗಳು ಬರುವುದು ಪಯಣದಲ್ಲಿ ಜಗಳವೋ ಮೌನವೋ ಮೇಲೆದ್ದ ಹೊತ್ತಿನಲ್ಲಿ. ರೇನಾ ಹಾಡಿನೊಳಗೆ ಸೇರಿಕೊಂಡರೂ ನೆನಪು ಅವಳನ್ನು ಬಿಡುವುದಿಲ್ಲ. ಆ ನೆನಪುಗಳಲ್ಲಿ ಅವಳು ತನ್ನ ಪರ ವಾದ ಕಟ್ಟುತ್ತಿದ್ದಾಳೆ: ನೋಡಿ, ಇವಳು ಮೊದಲಿನಿಂದಲೂ ಹೀಗೆಯೇ.

ಆದರೆ ವಾದಕ್ಕೆ ತಂದ ಸಾಕ್ಷಿಗಳೇ ಎದುರು ನಿಲ್ಲುತ್ತವೆ. ಮಗು ಅಮಾರಾ ಅಳುತ್ತಿರುವ ಚಿತ್ರದಲ್ಲಿ ಅವಳನ್ನು ಗೊಂಬೆ ಮಾಡಿಕೊಳ್ಳಲು ಹೊರಟ ಅಕ್ಕನೂ ಇದ್ದಾಳೆ. ಒಬ್ಬಳೇ ಆಡುತ್ತಾಳೆ ಎಂಬ ದೂರಿನ ಪಕ್ಕದಲ್ಲೇ ಒಬ್ಬಳೇ ಇದ್ದರೆ ಖುಷಿಯಾಗಿರುವ ಮಗುವಿನ ಮುಖವಿದೆ. ಬರೀ ಗದ್ಯದಲ್ಲಿ ಬರೆದ ಆತ್ಮಕಥನದಲ್ಲಿ ನಿರೂಪಕಿ ಹೇಳಿದ್ದನ್ನು ನಂಬುವುದಲ್ಲದೆ ಬೇರೆ ದಾರಿ ಕಡಿಮೆ. ಚಿತ್ರಕಥೆಯಲ್ಲಿ ಅವಳ ಮಾತು ಚೌಕಟ್ಟಿನ ಮೇಲಿರುತ್ತದೆ, ನಡೆದದ್ದು ಚೌಕಟ್ಟಿನ ಒಳಗಿರುತ್ತದೆ. ಎರಡೂ ಹೊಂದದಿದ್ದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಬಾಲ್ಯದ ರೇನಾ ತನ್ನನ್ನು ಸಮರ್ಥಿಸಿಕೊಳ್ಳುತ್ತಿದ್ದಾಳೆ. ದೊಡ್ಡವರಾದ ಟೆಲ್ಗೆಮೈಯರ್ ಅದೇ ಪುಟದಲ್ಲಿ ಅಮಾರಾಳ ಪರ ಗೆರೆ ಎಳೆಯುತ್ತಿದ್ದಾರೆ. ಈ ಪುಸ್ತಕವನ್ನು ನಾನು ಇಷ್ಟೊಂದು ಪ್ರೀತಿಸುವುದು ಇದಕ್ಕಾಗಿಯೇ. ತಂಗಿಯ ಕ್ಷಮೆಯನ್ನು ಮಾತಿನಲ್ಲಿ ಕೇಳುವುದು ಸುಲಭ. ಅವಳ ಮುಖವನ್ನು ಅಷ್ಟು ನಿಜವಾಗಿ ಬರೆಯುವುದು ಕಷ್ಟ.

ಟೆಲ್ಗೆಮೈಯರ್ ಇಲ್ಲಿಗೆ ಒಂದೇ ನೆಗೆತಕ್ಕೆ ಬಂದವರಲ್ಲ. 1977ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹುಟ್ಟಿದರು, ನ್ಯೂಯಾರ್ಕಿನ ಸ್ಕೂಲ್ ಆಫ್ ವಿಶುವಲ್ ಆರ್ಟ್ಸ್‌ನಲ್ಲಿ ಓದಿದರು, ತಾವೇ ಮುದ್ರಿಸಿದ ಕಿರುಪುಸ್ತಿಕೆಗಳನ್ನು ಮಾರಿದರು. ಆರನೇ ತರಗತಿಯಲ್ಲಿದ್ದಾಗ ಬಿದ್ದು ಮುಂದಿನ ಎರಡು ಹಲ್ಲು ಹಾಳಾದ ಕಥೆಯನ್ನು 2004ರಲ್ಲಿ ಅಂತರ್ಜಾಲದಲ್ಲಿ ಕಂತುಕಂತಾಗಿ ಬಿಡಿಸತೊಡಗಿದರು. ಅದು 2010ರಲ್ಲಿ ‘ಸ್ಮೈಲ್’ ಎಂಬ ಪುಸ್ತಕವಾಯಿತು. ‘ಸಿಸ್ಟರ್ಸ್’ ಅದರ ಜೊತೆಗಾತಿ. 2019ರ ‘ಗಟ್ಸ್’ ಸೇರಿದರೆ ಒಂದೇ ಬಾಲ್ಯದ ಮೂರು ಪುಸ್ತಕಗಳಾಗುತ್ತವೆ: ಒಂದು ಹಲ್ಲಿನದು, ಒಂದು ತಂಗಿಯದು, ಒಂದು ಹೊಟ್ಟೆಯೊಳಗಿನ ಭಯದ್ದು. ‘ಗಟ್ಸ್’ ಮೊದಲ ಮುದ್ರಣದಲ್ಲೇ 10 ಲಕ್ಷ ಪ್ರತಿ ಅಚ್ಚಾಯಿತು. ಮಕ್ಕಳು ಪುಸ್ತಕ ಓದುವುದಿಲ್ಲ ಎಂದು ಕೊರಗುವವರು ಈ ಸಂಖ್ಯೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಈ ಮೂರು ಪುಸ್ತಕಗಳಿಗೂ ಮುಂಚೆ ಅವರು ಮಾಡಿದ ಒಂದು ಕೆಲಸ ‘ಸಿಸ್ಟರ್ಸ್’ ಅರ್ಥವಾಗಲು ಬಹಳ ಮುಖ್ಯ ಎಂದು ನನ್ನ ಭಾವನೆ. ಆ್ಯನ್ ಎಂ. ಮಾರ್ಟಿನ್ ಬರೆದ ‘ಬೇಬಿ–ಸಿಟರ್ಸ್ ಕ್ಲಬ್’ ಕಾದಂಬರಿಗಳು 1986ರಿಂದ ಅಮೆರಿಕದ ಹುಡುಗಿಯರ ಕೈಯಲ್ಲಿದ್ದವು. ಅವುಗಳಲ್ಲಿ ನಾಲ್ಕನ್ನು 2006ರಿಂದ 2008ರ ನಡುವೆ ಟೆಲ್ಗೆಮೈಯರ್ ಚಿತ್ರಕಥೆಯಾಗಿಸಿದರು. ನಾಲ್ಕನೆಯದು ‘ಕ್ಲಾಡಿಯಾ ಆ್ಯಂಡ್ ಮೀನ್ ಜನೀನ್’. ಅದು ಅಕ್ಕತಂಗಿಯರದೇ ಕಥೆ. ಚಿತ್ರ ಬರೆಯುವ ಕ್ಲಾಡಿಯಾ ತಂಗಿ. ಓದಿನಲ್ಲಿ ಮೇಧಾವಿ ಎನಿಸಿಕೊಂಡ ಜನೀನ್ ಅಕ್ಕ. ಇಬ್ಬರ ನಡುವೆ ಅಜ್ಜಿ ಮಿಮಿ, ಅವಳಿಗೆ ಪಾರ್ಶ್ವವಾಯು ಹೊಡೆಯುತ್ತದೆ. ಇಲ್ಲಿ ಕಥೆ ತಂಗಿಯದು, ಕಲ್ಲುಮನಸ್ಸಿನವಳು ಎಂಬ ಹಣೆಪಟ್ಟಿ ಅಕ್ಕನದು. ಸ್ವತಃ ಅಕ್ಕನಾಗಿದ್ದ ಕಲಾವಿದೆ ಪುಟ ಪುಟ ತಂಗಿಯ ಕಣ್ಣಿನಿಂದ ಅಕ್ಕನನ್ನು ಬರೆದಿದ್ದರು. ಬಾಗಿಲು ಮುಚ್ಚಿಕೊಂಡು ಕೂರುವ ಹಿರಿಯಳು ಹೊರಗಿನಿಂದ ಹೇಗೆ ಕಾಣುತ್ತಾಳೆ ಎಂಬುದನ್ನು ಅವರ ಕೈ ಆಗಲೇ ಕಲಿತಿತ್ತು. ಆರು ವರ್ಷಗಳ ನಂತರ ತಮ್ಮದೇ ಕಥೆ ಬರೆಯುವಾಗ ಆ ಕಲಿತದ್ದು ಹೆಡ್‌ಫೋನಿನ ರೂಪದಲ್ಲಿ ಬಂದಿದೆ ಎಂದು ನಾನು ಓದಿಕೊಳ್ಳುತ್ತೇನೆ.

ಇದನ್ನೆಲ್ಲ ಯೋಚಿಸುತ್ತಾ ನಮ್ಮಲ್ಲಿ ಅಕ್ಕತಂಗಿಯರ ಕಥೆ ಎಲ್ಲಿದೆ ಎಂದು ಹುಡುಕಿದರೆ ಅಣ್ಣತಂಗಿಯರೇ ಅಡ್ಡ ಬರುತ್ತಾರೆ. ತವರಿನ ಹಾಡುಗಳಿಂದ ಹಿಡಿದು ‘ತವರಿಗೆ ಬಾ ತಂಗಿ’ ಸಿನಿಮಾದವರೆಗೆ ನಮ್ಮ ಕಣ್ಣೀರೆಲ್ಲ ಆ ಕಡೆಗೇ ಹರಿದಿದೆ. ಅಣ್ಣತಮ್ಮಂದಿರಿಗೆ ಎರಡು ಮಹಾಕಾವ್ಯಗಳೇ ಇವೆ. ಅಕ್ಕತಂಗಿಯರ ಜಗಳವನ್ನು ನೆಟ್ಟಗೆ ಎದುರಿಸಿದ ಹಳೆಯ ಕಥೆ ಎಂದರೆ ನನಗೆ ನೆನಪಾಗುವುದು ಮಹಾಭಾರತದ ಆದಿಪರ್ವದ ಕದ್ರು–ವಿನತೆಯರದು. ದಕ್ಷನ ಮಕ್ಕಳು, ಇಬ್ಬರೂ ಕಶ್ಯಪನ ಮಡದಿಯರು. ಉಚ್ಚೈಃಶ್ರವಸ್ಸು ಎಂಬ ಕುದುರೆಯ ಬಾಲ ಬಿಳಿಯೋ ಕಪ್ಪೋ ಎಂದು ಪಂಥ ಕಟ್ಟುತ್ತಾರೆ. ಕದ್ರು ತನ್ನ ಹಾವುಮಕ್ಕಳನ್ನು ಬಾಲಕ್ಕೆ ಸುತ್ತಿಕೊಳ್ಳಲು ಕಳಿಸಿ ಗೆಲ್ಲುತ್ತಾಳೆ. ವಿನತೆ ದಾಸಿಯಾಗುತ್ತಾಳೆ, ಗರುಡ ಅಮೃತ ತಂದು ತಾಯಿಯನ್ನು ಬಿಡಿಸುತ್ತಾನೆ. ಅಮರ ಚಿತ್ರಕಥೆಯ ‘ಗರುಡ’ದಲ್ಲಿ ಇದನ್ನು ನಾವಿಬ್ಬರೂ ಓದಿದ್ದೆವು.

ಆ ಕಥೆ ನಮಗೆ ಬಂದಿರುವುದು ವಿನತೆಯ ಮಗನ ಕಡೆಯಿಂದ. ಕದ್ರುವಿಗೆ ಗೆಲ್ಲಲೇಬೇಕು ಎನ್ನಿಸಿದ್ದು ಏಕೆ, ಒಂದು ಕುದುರೆಯ ಬಾಲದ ಬಣ್ಣಕ್ಕೆ ಒಡಹುಟ್ಟಿದವಳನ್ನು ಪಣಕ್ಕಿಡುವಷ್ಟು ಏನು ಕುದಿಯುತ್ತಿತ್ತು ಎಂದು ಯಾರೂ ಹೇಳುವುದಿಲ್ಲ. ಅದು ಅವಳ ಕಥೆಯಲ್ಲವಲ್ಲ. ಒಡಹುಟ್ಟಿದವರ ಕಥೆಗಳಲ್ಲಿ ಯಾರು ಹೇಳುತ್ತಾರೆ ಎಂಬುದರಲ್ಲೇ ಅರ್ಧ ನ್ಯಾಯ ತೀರ್ಮಾನವಾಗಿಬಿಡುತ್ತದೆ.

ನಮ್ಮ ಮೈಸೂರಿನ ಇಬ್ಬರು ಅಣ್ಣತಮ್ಮಂದಿರು ಈ ವಿಷಯದಲ್ಲಿ ಅದೃಷ್ಟವಂತರು. ಆರ್.ಕೆ. ನಾರಾಯಣ್ ಹುಟ್ಟಿದ್ದು 1906ರಲ್ಲಿ, ಆರ್.ಕೆ. ಲಕ್ಷ್ಮಣ್ 1921ರಲ್ಲಿ. ತಮ್ಮ ಇನ್ನೂ ಹುಡುಗನಾಗಿದ್ದಾಗಲೇ ಅಣ್ಣ ಅವನನ್ನು ಮಾದರಿಯಾಗಿಟ್ಟುಕೊಂಡು ‘ದೋಡು’ ಎಂಬ ಕಥೆ ಬರೆದರು. ಆ ತಮ್ಮನ ಕೈಗೂ ಗೆರೆಯಿತ್ತು. ಅಣ್ಣನ ಕಥೆಗಳು ‘ದಿ ಹಿಂದೂ’ ಪತ್ರಿಕೆಯಲ್ಲಿ ಬಂದಾಗ ಅವಕ್ಕೆ ಚಿತ್ರ ಬರೆದದ್ದು ಲಕ್ಷ್ಮಣ್. ಮಾಲ್ಗುಡಿಯ ಬೀದಿ, ಸ್ಟೇಷನ್ನು, ಹುಡುಗರ ಟೋಪಿ ಹೀಗೆಯೇ ಇದ್ದವು ಎಂದು ನಮಗೆ ಅನ್ನಿಸುವುದು ಅಣ್ಣನ ಮಾತಿನಿಂದ ಎಷ್ಟೋ ತಮ್ಮನ ಗೆರೆಯಿಂದಲೂ ಅಷ್ಟೇ. ಹೇಳುವವನು ಒಬ್ಬ, ತೋರಿಸುವವನು ಇನ್ನೊಬ್ಬ. ಯಾದವಗಿರಿಯಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ ನಾರಾಯಣ್ ಅವರ ಮನೆಗೆ ಹೋದಾಗೆಲ್ಲ ನನಗೆ ಈ ಹಂಚಿಕೆ ನೆನಪಾಗುತ್ತದೆ.

ಎಲ್ಲ ಕಡೆಯೂ ಹೀಗೆ ಆಗುವುದಿಲ್ಲ. ಕ್ರೇಗ್ ಥಾಮ್ಸನ್ ಅವರ ‘ಬ್ಲ್ಯಾಂಕೆಟ್ಸ್’ 2003ರಲ್ಲಿ ಬಂದ ಸುಮಾರು 600 ಪುಟಗಳ ದೊಡ್ಡ ಪುಸ್ತಕ. ವಿಸ್ಕಾನ್ಸಿನ್‌ನ ಚಳಿಯ ಮನೆಯಲ್ಲಿ ಒಂದೇ ಹಾಸಿಗೆಯಲ್ಲಿ ಮಲಗುವ ಅಣ್ಣತಮ್ಮಂದಿರ ಜಗಳದಿಂದ ಅದು ಶುರುವಾಗುತ್ತದೆ. ಆ ಮೊದಲ ಪುಟಗಳಷ್ಟು ಚೆನ್ನಾಗಿ ಅಣ್ಣತಮ್ಮಂದಿರನ್ನು ಚಿತ್ರಿಸಿದ ಕಾಮಿಕ್ಸ್ ಕಡಿಮೆ. ಆದರೆ ಥಾಮ್ಸನ್ ಅವರಿಗೆ ಒಬ್ಬ ತಂಗಿಯೂ ಇದ್ದಾರೆ. ಅಷ್ಟು ಪುಟಗಳಲ್ಲಿ ಅವರಿಗೆ ಜಾಗವಿಲ್ಲ. ಇಬ್ಬರ ನಡುವಿನ ಕಥೆಗೆ ಮೂರನೆಯವರು ಬೇಡವಾಗಿದ್ದಿರಬಹುದು. ಕಲೆಯ ಲೆಕ್ಕದಲ್ಲಿ ಅದು ಸರಿಯೂ ಇರಬಹುದು. ಹಾಗಿದ್ದರೂ ಅದು ಗೊತ್ತಾದ ಮೇಲೆ ಆ ಪುಸ್ತಕವನ್ನು ಮೊದಲಿನಂತೆ ಓದಲು ನನ್ನಿಂದ ಆಗಿಲ್ಲ. ನಾನು ತಂಗಿಯಾದ್ದರಿಂದ ಇರಬೇಕು.

ಹೇಳುವ ಅಧಿಕಾರವನ್ನು ಅತ್ಯಂತ ಪ್ರೀತಿಯಿಂದ ಬಳಸಿದ ಪುಸ್ತಕವನ್ನೂ ಹೇಳಬೇಕು. 2020ರಲ್ಲಿ ಬಂದ ‘ವೆನ್ ಸ್ಟಾರ್ಸ್ ಆರ್ ಸ್ಕ್ಯಾಟರ್ಡ್’. ಸೋಮಾಲಿಯಾದ ಯುದ್ಧದಿಂದ ಓಡಿಬಂದು ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದಲ್ಲಿ ಬೆಳೆದ ಒಮರ್ ಮೊಹಮದ್ ತಮ್ಮ ಕಥೆಯನ್ನು ವಿಕ್ಟೋರಿಯಾ ಜೇಮಿಸನ್ ಅವರೊಂದಿಗೆ ಸೇರಿ ಹೇಳಿದ್ದಾರೆ. ತಮ್ಮ ಹಸನ್‌ಗೆ ಮಾತು ಹೆಚ್ಚುಕಡಿಮೆ ಬಾರದು. ತನ್ನ ಕಥೆಯನ್ನು ತಾನೇ ಹೇಳಲಾರದ ಆ ತಮ್ಮ ಪುಟಗಳ ತುಂಬ ಇದ್ದಾನೆ, ಅವನ ನಗು, ಅವನ ಹಟ, ಅಣ್ಣ ಶಾಲೆಗೆ ಹೋದಾಗ ಅವನ ಕಾಯುವಿಕೆ. ಅಲ್ಲಿಯೂ ಮಾತು ಮಾಡಲಾಗದ್ದನ್ನು ಚಿತ್ರ ಮಾಡಿದೆ.

ಮತ್ತೆ ವ್ಯಾನಿಗೆ ಬರೋಣ. ನೆಂಟರ ಕೂಟದಲ್ಲಿ ರೇನಾ ಅಂದುಕೊಂಡ ಹಾಗೆ ಏನೂ ನಡೆಯುವುದಿಲ್ಲ. ವಾರಿಗೆಯವರ ಜೊತೆ ಕುದುರಿಕೊಳ್ಳುವುದಿಲ್ಲ, ತಾನು ಹೊರಗಿನವಳು ಎಂಬ ಭಾವ ಕಾಡುತ್ತದೆ. ವಾಪಸು ಬರುವ ದಾರಿಯಲ್ಲಿ ಗಾಡಿ ಕೈಕೊಡುತ್ತದೆ. ಅಮ್ಮ ಸಹಾಯ ಹುಡುಕಿಕೊಂಡು ಹೋಗುತ್ತಾಳೆ, ವ್ಯಾನಿನಲ್ಲಿ ಅಕ್ಕತಂಗಿ ಇಬ್ಬರೇ ಉಳಿಯುತ್ತಾರೆ. ಆಗ ಹೊರಬರುತ್ತದೆ ನೋಡಿ, ಎಂದೋ ಕಳೆದುಹೋದ ಹಾವು! ರೇನಾಗೆ ಹಾವೆಂದರೆ ಪ್ರಾಣ ಹೋದಷ್ಟು ಹೆದರಿಕೆ. ಓಡಿಹೋಗಲು ಸುತ್ತ ಮನುಷ್ಯರಿಲ್ಲದ ಬಯಲು. ಮೊದಲ ಸಲ ಅವಳು ತಂಗಿಯ ಮಾತು ಕೇಳಲೇಬೇಕಾಗುತ್ತದೆ. ಕಿರುಚಾಟ ಇಳಿದ ಮೇಲೆ ಇಬ್ಬರ ನಡುವೆ ಆ ಇನ್ನೊಂದು ಮಾತು ಬರುತ್ತದೆ. ಅಪ್ಪ ಅಮ್ಮನ ನಡುವೆ ಏನೋ ಸರಿಯಿಲ್ಲ. ಅಮಾರಾ ಅದನ್ನು ಅಕ್ಕನಿಗಿಂತ ಮುಂಚೆಯೇ ಗಮನಿಸಿದ್ದಾಳೆ.

ಚಿಕ್ಕಂದಿನಲ್ಲಿ ನನಗೆ ಈ ಪುಟಗಳಲ್ಲಿ ಹಾವೇ ಮುಖ್ಯ. ಅಕ್ಕನನ್ನು ಹೆದರಿಸಲು ಆ ಪುಟವನ್ನು ಅವಳ ಮುಖಕ್ಕೆ ಹಿಡಿದದ್ದೂ ಉಂಟು. ಈಗ ನನ್ನನ್ನು ತಡೆದು ನಿಲ್ಲಿಸುವುದು ಅಮಾರಾಳ ತಿಳಿವಳಿಕೆ. ಅವಳಿಗೆ ಹೇಗೆ ಗೊತ್ತಾಯಿತು? ಇದು ಪ್ರತಿ ಮನೆಯ ಕಿರಿಮಗುವಿಗೆ ಗೊತ್ತಿರುವ ಗುಟ್ಟು. ದೊಡ್ಡ ಮಗು ಒಳಗೆ ಬಂದರೆ ಹಿರಿಯರು ಮಾತು ನಿಲ್ಲಿಸುತ್ತಾರೆ. ಚಿಕ್ಕದು ಅಲ್ಲೇ ಇದ್ದರೂ ನಿಲ್ಲಿಸುವುದಿಲ್ಲ; ಅದಕ್ಕೇನು ತಿಳಿಯುತ್ತದೆ ಎಂಬ ಧೈರ್ಯ. ನಮ್ಮ ಹಳೇ ಮನೆ ಮಾರುವ ಮಾತುಕತೆ ನಡೆದಾಗ ಅಕ್ಕ ಸೆಕೆಂಡ್ ಪಿಯುಸಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸಿಇಟಿಗೆ ಓದುತ್ತಿದ್ದಳು. ಅವಳ ಓದು ಕೆಡಬಾರದೆಂದು ಅಪ್ಪ ಅಮ್ಮ ಅಡುಗೆಮನೆಯಲ್ಲಿ ಕೂತು ಮಾತಾಡುತ್ತಿದ್ದರು. ನಾನು ಅಲ್ಲೇ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಸಾಲ ಎಷ್ಟು, ಚಿಕ್ಕಪ್ಪ ಏನಂದರು, ಅಮ್ಮ ಯಾವ ಮಾತಿಗೆ ಸುಮ್ಮನಾದಳು ಎಲ್ಲ ನನಗೆ ಗೊತ್ತಿತ್ತು. ಅಕ್ಕನಿಗೆ ತಿಳಿದದ್ದು ಸಾಮಾನು ಕಟ್ಟುವ ವಾರ. ‘ಸಿಸ್ಟರ್ಸ್’ ಈ ಸಣ್ಣ ಸತ್ಯವನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಒಬ್ಬಳ ಕಿವಿಗೆ ಹೆಡ್‌ಫೋನ್ ಹಾಕಿ, ಇನ್ನೊಬ್ಬಳನ್ನು ಚೌಕಟ್ಟಿನ ಅಂಚಿನಲ್ಲಿ ಕೂರಿಸಿ ತೋರಿಸುತ್ತದೆ.

ಸ್ಕಾಟ್ ಮೆಕ್‌ಲೌಡ್ 1993ರಲ್ಲಿ ಬರೆದ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಕಾಮಿಕ್ಸ್‌ನ ಕಟ್ಟೋಣವನ್ನು ಕಾಮಿಕ್ಸ್‌ನಲ್ಲೇ ವಿವರಿಸುವ ಪುಸ್ತಕ. ಎರಡು ಚೌಕಟ್ಟುಗಳ ನಡುವಿನ ಖಾಲಿ ಪಟ್ಟಿಯಲ್ಲಿ ನಡೆದದ್ದನ್ನು ಓದುಗ ತಾನೇ ತುಂಬಿಕೊಳ್ಳುತ್ತಾನೆ ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು. ‘ಸಿಸ್ಟರ್ಸ್’ನಲ್ಲಿ ಆ ಖಾಲಿ ಪಟ್ಟಿಗಳನ್ನು ಅಕ್ಕ ಓದುಗರು ಒಂದು ರೀತಿ ತುಂಬಿಕೊಂಡರೆ ತಂಗಿ ಓದುಗರು ಇನ್ನೊಂದು ರೀತಿ ತುಂಬಿಕೊಳ್ಳುತ್ತಾರೆ.

ನನಗೆ ಈ ಪುಸ್ತಕದ ಬಗ್ಗೆ ತಕರಾರು ಇಲ್ಲವೆಂದಲ್ಲ. ತಮ್ಮ ವಿಲ್ ಬಹುಮಟ್ಟಿಗೆ ಸಾಮಾನಿನಂತೆ ಉಳಿದುಬಿಡುತ್ತಾನೆ; ಅವನಿಗೂ ಒಂದೆರಡು ಪುಟ ಸಲ್ಲಬೇಕಿತ್ತು. ಅಪ್ಪ ಅಮ್ಮನ ವಿಷಯವನ್ನು ಅರ್ಧಕ್ಕೆ ಬಿಟ್ಟಂತೆ ಅನ್ನಿಸುತ್ತದೆ, ಮುಕ್ತಾಯ ಥಟ್ಟನೆ ಬರುತ್ತದೆ. ಇದರಲ್ಲಿ ಎರಡನೆಯದನ್ನು ನಾನು ಈಗ ದೋಷ ಎನ್ನಲಾರೆ. ಮಕ್ಕಳಿಗೆ ಅಪ್ಪ ಅಮ್ಮನ ಬದುಕು ತಿಳಿಯುವುದೇ ಅಷ್ಟು, ಬಾಗಿಲ ಸಂದಿಯಿಂದ ಕಂಡಷ್ಟು. ಅದನ್ನು ಪೂರ್ತಿ ಮಾಡಿ ಕೊಟ್ಟಿದ್ದರೆ ದೊಡ್ಡವರಾದ ಮೇಲೆ ಸಂಪಾದಿಸಿದ ತಿಳಿವಳಿಕೆಯನ್ನು ಬಾಲ್ಯದೊಳಗೆ ತುರುಕಿದ ಹಾಗಾಗುತ್ತಿತ್ತು. 2016ರ ‘ಘೋಸ್ಟ್ಸ್’ನಲ್ಲಿ ಟೆಲ್ಗೆಮೈಯರ್ ಮತ್ತೆ ಅಕ್ಕತಂಗಿಯರ ಬಳಿಗೆ ಬಂದರು: ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶ ಹಿಂಡುವ ಕಾಯಿಲೆಯ ಪುಟ್ಟ ಮಾಯಾ, ಅವಳಿಗಾಗಿ ಹೆದರುವ ಅಕ್ಕ ಕ್ಯಾಟ್. ಕಲ್ಪನೆಯ ಆ ಕಥೆಯಲ್ಲಿ ಅಕ್ಕ ತಂಗಿಯನ್ನು ಮೊದಲಿನಿಂದಲೂ ಪ್ರೀತಿಸುತ್ತಾಳೆ. ಪುಸ್ತಕ ಮುದ್ದಾಗಿದೆ, 5 ಲಕ್ಷ ಪ್ರತಿಗಳ ಮೊದಲ ಮುದ್ರಣ ಕಂಡಿತು. ಆದರೂ ನನಗೆ ‘ಸಿಸ್ಟರ್ಸ್’ನ ಕಸಿವಿಸಿಯೇ ಹೆಚ್ಚು ನಿಜ.

ಇಷ್ಟೆಲ್ಲ ಬರೆದಿಟ್ಟುಕೊಂಡು ಅಕ್ಕನಿಗೆ ಫೋನ್ ಮಾಡಿದೆ. ಅವಳು ಈಗ ಪುಣೆಯಲ್ಲಿದ್ದಾಳೆ. ಹೆಡ್‌ಫೋನಿನ ವಿಷಯ ಹೇಳಿದೆ, ಮನೆ ಮಾರಿದ್ದರ ಬಗ್ಗೆ ಬರೆದದ್ದನ್ನೂ ಓದಿ ಹೇಳಿದೆ. ರೇನಾ ಕಿವಿ ಮುಚ್ಚಿಕೊಂಡದ್ದಕ್ಕೇ ಅಮಾರಾ ಅಷ್ಟು ದಿನ ಒಬ್ಬಳೇ ಆ ಭಾರ ಹೊರಬೇಕಾಯಿತು, ಪುಸ್ತಕ ನಿಜಕ್ಕೂ ತಂಗಿಯ ಪರ ಇದೆ ಎಂದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

‘ನೀನು ಒಂದು ಬಿಟ್ಟೆ ಕಣೇ,’ ಅಂದಳು. ‘ದೊಡ್ಡೋಳಿಗೆ ಕೇಳಿಸಿದ ಮೇಲೆ ಏನಾದ್ರೂ ಮಾಡ್ಲೇಬೇಕಾಗುತ್ತೆ. ಅಪ್ಪನ ಹತ್ರ ಮಾತಾಡ್ಬೇಕು, ಅಮ್ಮನ್ನ ಸಮಾಧಾನ ಮಾಡ್ಬೇಕು, ನಿನ್ನ ನೋಡ್ಕೋಬೇಕು. ನಿನಗೆ ಕೇಳಿಸಿದ್ರೆ ಬರೀ ಕೇಳಿಸ್ತು, ಅಷ್ಟೇ. ಯಾರೂ ನಿನ್ನಿಂದ ಏನೂ ಕೇಳ್ತಿರ್ಲಿಲ್ಲ. ಮನೆ ಮಾರೋ ವಿಷಯ ನನಗೆ ಗೊತ್ತಿರ್ಲಿಲ್ಲ ಅಂತ ಬರ್ದಿದೀಯಲ್ಲ, ಆ ಇಯರ್‌ಫೋನ್‌ನಲ್ಲಿ ಎಷ್ಟೋ ದಿನ ಹಾಡೇ ಇರ್ತಿರ್ಲಿಲ್ಲ.’

ಆಮೇಲೆ ಪುಸ್ತಕ ತೆಗೆದು ವ್ಯಾನಿನ ಪುಟಗಳನ್ನು ಇನ್ನೊಮ್ಮೆ ನೋಡಿದೆ. ಹೆಡ್‌ಫೋನ್ ಹಾಕಿಕೊಂಡ ರೇನಾಳ ಮುಖವನ್ನು ನಾನು ಈವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ, ನನ್ನ ಕಣ್ಣೆಲ್ಲ ಅಮಾರಾಳ ಮೇಲಿತ್ತು. ಅಕ್ಕನ ವಾದಕ್ಕೆ ನನ್ನ ಬಳಿ ಇನ್ನೂ ಉತ್ತರಗಳಿವೆ, ಮುಖ್ಯವಾಗಿ ಹಾವಿನ ಪುಟದಲ್ಲಿ. ದೀಪಾವಳಿಗೆ ಬರುವಾಗ ‘ಕ್ಲಾಡಿಯಾ ಆ್ಯಂಡ್ ಮೀನ್ ಜನೀನ್’ ಓದಿಕೊಂಡು ಬಾ, ಅದರಲ್ಲಿ ಅಕ್ಕನ ಬಾಗಿಲು ಹೊರಗಿನಿಂದ ಹೇಗಿರುತ್ತದೆ ನೋಡು, ಆಮೇಲೆ ಮಾತಾಡೋಣ ಎಂದು ಹೇಳಿದ್ದೇನೆ. ಓದುತ್ತೇನೆ ಅಂದಿದ್ದಾಳೆ. ಬಂದಾಗ ತನ್ನ ‘ಸಿಸ್ಟರ್ಸ್’ ಪ್ರತಿಯನ್ನು ವಾಪಸು ತೆಗೆದುಕೊಂಡು ಹೋಗುವುದಾಗಿಯೂ ಹೇಳಿದ್ದಾಳೆ. ಅದಕ್ಕೆ ನಾನು ಒಪ್ಪಿಲ್ಲ.